ವಶೀಲಿಗೆ ರಸೀದಿ ಇರುವುದಿಲ್ಲ

ಅದು 1947ರ ಆಗಸ್ಟ್ 13. ನಮ್ಮ ದೇಶ ಸ್ವತಂತ್ರವಾಗಲು ಇನ್ನು ಎರಡೇ ದಿನ ಉಳಿದಿತ್ತು. ದೆಹಲಿಯಿಂದ ಹಳ್ಳಿಯ ಚಾವಡಿಯವರೆಗೆ ಎಲ್ಲರ ಬಾಯಲ್ಲೂ ಬಿಡುಗಡೆಯದೇ ಮಾತು. ಅದೇ ದಿನ ಸಾವಿರಾರು ಮೈಲಿ ದೂರದ ಅಮೆರಿಕದಲ್ಲಿ ಇನ್ನೊಂದು ಬಗೆಯ ಬಿಡುಗಡೆ ನಡೆಯಿತು. ಅದಕ್ಕೆ ಬ್ಯಾಂಡು ಬಾಜಾ ಇರಲಿಲ್ಲ, ಭಾಷಣ ಇರಲಿಲ್ಲ. ಫೆಡರಲ್ ಸರ್ಕಾರದ ಸೆರೆಮನೆಗಳಿಂದ ನಾಲ್ವರು ಕೈದಿಗಳು ಸದ್ದಿಲ್ಲದೆ ಹೊರಗೆ ಬಂದರು. ಪಾಲ್ ರಿಕ್ಕಾ, ಲೂಯಿ ಕ್ಯಾಂಪಾನಾ, ಫಿಲಿಪ್ ಡಿ'ಆಂಡ್ರಿಯಾ ಮತ್ತು ಚಾರ್ಲ್ಸ್ ಜಿಯೋ ಎಂಬುದು ಅವರ ಹೆಸರು.

ನಾಲ್ವರೂ ಷಿಕಾಗೋ ನಗರದ ಭೂಗತ ಲೋಕದ ದೊಡ್ಡ ತಲೆಗಳು. ಕುಖ್ಯಾತ ಆಲ್ ಕಪೋನ್ ಕಟ್ಟಿದ ಗುಂಪಿನ ವಾರಸುದಾರರು. ನ್ಯಾಯಾಲಯ ಅವರಿಗೆ ವಿಧಿಸಿದ್ದುದು ಹತ್ತು ವರ್ಷಗಳ ಸಜೆ. ಅವರು ಅನುಭವಿಸಿದ್ದು ಅದರ ಮೂರನೆಯ ಒಂದು ಭಾಗವನ್ನು ಮಾತ್ರ. ಕಾನೂನಿನ ಪ್ರಕಾರ ಪೆರೋಲ್ ಕೇಳಲು ಅರ್ಹತೆ ಬಂದದ್ದೇ ತಡ, ಪೆರೋಲ್ ಕೈಗೆ ಬಂದಿತ್ತು.

ಸುದ್ದಿ ತಿಳಿದಾಗ ಷಿಕಾಗೋದ ಪತ್ರಿಕೆಗಳು ಬೊಬ್ಬೆ ಹಾಕಿದವು. ಯಾರು ಬಿಡಿಸಿದರು? ಎಷ್ಟು ಹಣ ಕೈ ಬದಲಾಯಿತು? ಪ್ರಶ್ನೆ ಬೀದಿಯಿಂದ ಸಂಸತ್ತಿಗೆ ಹೋಯಿತು. ಅಲ್ಲಿಂದ ವರ್ಷಗಟ್ಟಲೆ ವಿಚಾರಣೆ ನಡೆಯಿತು. ಕೊನೆಗೆ ಸಿಕ್ಕಿದ ಉತ್ತರವೇನು? ಈ ಕಥೆಯ ಸ್ವಾರಸ್ಯ ಇರುವುದೇ ಅಲ್ಲಿ. ಕಾನೂನು ಓದುವ, ಪತ್ರಿಕೋದ್ಯಮ ಓದುವ, ಮುಂದೊಂದು ದಿನ ಸರ್ಕಾರಿ ಕುರ್ಚಿಯಲ್ಲಿ ಕೂರಬಹುದಾದ ನಮ್ಮ ವಿದ್ಯಾರ್ಥಿಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಹಾಲಿವುಡ್ಡಿನ ಹಫ್ತಾ

ಮೊದಲು ಅವರು ಜೈಲಿಗೆ ಹೋದದ್ದು ಏಕೆಂದು ನೋಡೋಣ.

1930ರ ದಶಕದಲ್ಲಿ ಅಮೆರಿಕದ ಚಿತ್ರೋದ್ಯಮ ಹಣದ ಹೊಳೆಯಾಗಿತ್ತು. ಆ ಹೊಳೆಗೆ ಒಂದು ತೂಬು ಇಡಬೇಕೆಂದು ಷಿಕಾಗೋ ಗುಂಪು ಯೋಚಿಸಿತು. ಚಿತ್ರಮಂದಿರಗಳಲ್ಲಿ ಯಂತ್ರ ನಡೆಸುವವರು, ಸ್ಟುಡಿಯೋಗಳಲ್ಲಿ ದೀಪ ಹಿಡಿಯುವವರು, ರಂಗಸಜ್ಜಿಕೆ ಮಾಡುವವರು ಎಲ್ಲರೂ ಸೇರಿದ್ದ ಒಂದು ದೊಡ್ಡ ಕಾರ್ಮಿಕ ಸಂಘವಿತ್ತು. 1934ರಲ್ಲಿ ಆ ಸಂಘದ ಅಧ್ಯಕ್ಷ ಸ್ಥಾನಕ್ಕೆ ಜಾರ್ಜ್ ಬ್ರೌನ್ ಎಂಬಾತ ಗುಂಪಿನ ಬೆಂಬಲದಿಂದ ಬಂದ. ಅವನ ಬಲಗೈ ವಿಲ್ಲಿ ಬಯೋಫ್.

ಮುಂದಿನದು ಸುಲಭ. ದುಡ್ಡು ಕೊಡಿ, ಇಲ್ಲವೇ ದೇಶದ ಚಿತ್ರಮಂದಿರಗಳಲ್ಲಿ ಪರದೆ ಕಪ್ಪಾಗುತ್ತದೆ ಎಂದು ಸ್ಟುಡಿಯೋ ಧಣಿಗಳಿಗೆ ಬೆದರಿಕೆ ಹಾಕಿದರು. ದೊಡ್ಡ ಕಂಪೆನಿಗಳಿಗೆ ವರ್ಷಕ್ಕೆ 50,000 ಡಾಲರ್, ಸಣ್ಣವಕ್ಕೆ 25,000 ಡಾಲರ್ ಎಂದು ದರ ನಿಗದಿಯಾಯಿತು. ಒಟ್ಟಿನಲ್ಲಿ ಹೀಗೆ ವಸೂಲಾದ ಮೊತ್ತ ಹತ್ತು ಲಕ್ಷ ಡಾಲರಿಗೂ ಮೀರಿತ್ತು. ಧಣಿಗಳೂ ಅಷ್ಟೇನೂ ಅಮಾಯಕರಲ್ಲ. ಮುಷ್ಕರವಿಲ್ಲದೆ, ಕೂಲಿ ಹೆಚ್ಚಿಸದೆ ದಿನ ಕಳೆದರೆ ಅವರಿಗೂ ಲಾಭವೇ. ಮೋಸ ಹೋದವನು ನಡುವೆ ನಿಂತ ಕೂಲಿಕಾರ.

1941ರಲ್ಲಿ ಬ್ರೌನ್ ಮತ್ತು ಬಯೋಫ್ ಸಿಕ್ಕಿಬಿದ್ದರು. ಜೈಲಿನ ಗೋಡೆ ನೋಡಿದ ಮೇಲೆ ಬಯೋಫ್ ಬಾಯಿ ಬಿಟ್ಟ. ತನ್ನ ಹಿಂದೆ ಯಾರು ಯಾರಿದ್ದರೆಂದು ಹೇಳಿದ. 1943ರ ಮಾರ್ಚಿಯಲ್ಲಿ ಗುಂಪಿನ ನಾಯಕರ ಮೇಲೆ ದೋಷಾರೋಪ ಹೊರಿಸಲಾಯಿತು. ಅದರ ಬೆನ್ನಿಗೇ, ಗುಂಪಿನ ಮುಖ್ಯಸ್ಥನೆಂದು ಹೆಸರಾಗಿದ್ದ ಫ್ರಾಂಕ್ ನಿಟ್ಟಿ ರೈಲು ಹಳಿಗಳ ಬಳಿ ತನಗೆ ತಾನೇ ಗುಂಡು ಹೊಡೆದುಕೊಂಡು ಸತ್ತ. ಉಳಿದವರ ವಿಚಾರಣೆ ನ್ಯೂಯಾರ್ಕಿನಲ್ಲಿ ನಡೆಯಿತು. 1943ರ ಡಿಸೆಂಬರಿನಲ್ಲಿ ರಿಕ್ಕಾ, ಕ್ಯಾಂಪಾನಾ, ಡಿ'ಆಂಡ್ರಿಯಾ, ಜಿಯೋ ಮುಂತಾದವರಿಗೆ ತಲಾ ಹತ್ತು ವರ್ಷ ಸಜೆ, 10,000 ಡಾಲರ್ ದಂಡ ಆಯಿತು.

ಇವರಲ್ಲಿ ಡಿ'ಆಂಡ್ರಿಯಾ ಎಂಥವನೆಂದರೆ, 1931ರಲ್ಲಿ ಕಪೋನನ ತೆರಿಗೆ ಮೊಕದ್ದಮೆ ನಡೆಯುತ್ತಿದ್ದಾಗ ಅವನ ಅಂಗರಕ್ಷಕನಾಗಿ ನ್ಯಾಯಾಲಯದ ಒಳಗೇ ಪಿಸ್ತೂಲು ಇಟ್ಟುಕೊಂಡು ಕುಳಿತಿದ್ದ. ಸಿಕ್ಕಿಬಿದ್ದು ನ್ಯಾಯಾಂಗ ನಿಂದನೆಗಾಗಿ ಆರು ತಿಂಗಳು ಸಜೆ ಅನುಭವಿಸಿದ್ದ. ಇಂಥವರು ಸುಧಾರಿಸಿದ್ದಾರೆಂದು ನಂಬಿ ಮೂರೂವರೆ ವರ್ಷದೊಳಗೆ ಮನೆಗೆ ಕಳಿಸಿದ್ದು ಹೇಗೆ ಎಂದು ಜನ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಅವರ ಪೆರೋಲ್, ನಮ್ಮ ಪೆರೋಲ್

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಪೆರೋಲ್ ಎಂದರೆ ನಮ್ಮ ಓದುಗರಿಗೆ ತಟ್ಟನೆ ನೆನಪಾಗುವುದು ತಂದೆಯ ಕಾಯಿಲೆ, ತಂಗಿಯ ಮದುವೆ ಎಂಬಂಥ ಕಾರಣಕ್ಕೆ ಕೈದಿಗೆ ಕೊಡುವ ಕೆಲವು ದಿನಗಳ ರಜೆ. ಅವಧಿ ಮುಗಿದ ಮೇಲೆ ಅವನು ಜೈಲಿಗೆ ಮರಳಬೇಕು. ಅಮೆರಿಕದ ಪೆರೋಲ್ ಹಾಗಲ್ಲ. ಅಲ್ಲಿ ಸಜೆಯ ಒಂದು ಭಾಗವನ್ನು ಒಳಗೆ ಕಳೆದ ಕೈದಿಯನ್ನು, ಉಳಿದ ಭಾಗವನ್ನು ಷರತ್ತಿನ ಮೇಲೆ ಹೊರಗೆ ಕಳೆಯಲು ಬಿಡುತ್ತಾರೆ. ಅವನು ನಿಯಮಿತವಾಗಿ ಹಾಜರಿ ಹಾಕಬೇಕು, ದುಡಿದು ತಿನ್ನಬೇಕು, ಹಳೆಯ ಸಹವಾಸ ಬಿಡಬೇಕು. ತಪ್ಪಿದರೆ ಮತ್ತೆ ಒಳಗೆ.

ಇದರ ಹಿಂದಿನ ಆಶಯ ಒಳ್ಳೆಯದೇ. ಮನುಷ್ಯ ಬದಲಾಗಬಲ್ಲ ಎಂಬ ನಂಬಿಕೆಯ ಮೇಲೆ ನಿಂತ ಪದ್ಧತಿ ಇದು. ಆದರೆ ಬದಲಾದನೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಆಗಿನ ಫೆಡರಲ್ ಪೆರೋಲ್ ಮಂಡಳಿಯಲ್ಲಿ ಇದ್ದವರು ಮೂವರೇ ಸದಸ್ಯರು. ಇಡೀ ದೇಶದ ಫೆಡರಲ್ ಕೈದಿಗಳ ಅರ್ಜಿಗಳು ಆ ಮೂವರ ಮುಂದೆಯೇ ಬರಬೇಕು. ಮಂಡಳಿ ನ್ಯಾಯ ಇಲಾಖೆಯ ಅಧೀನದಲ್ಲಿತ್ತು. ಇಲಾಖೆಯ ಮುಖ್ಯಸ್ಥರು ಅಟಾರ್ನಿ ಜನರಲ್ ಟಾಮ್ ಕ್ಲಾರ್ಕ್. ಒಬ್ಬ ಕೈದಿಯನ್ನು ಏಕೆ ಬಿಟ್ಟೆವು, ಇನ್ನೊಬ್ಬನನ್ನು ಏಕೆ ಬಿಡಲಿಲ್ಲ ಎಂದು ಮಂಡಳಿ ವಿವರವಾಗಿ ಬರೆದು ಜನರ ಮುಂದೆ ಇಡಬೇಕಾಗಿರಲಿಲ್ಲ. ಇದನ್ನು ನೆನಪಿನಲ್ಲಿಡಿ. ಕಥೆಯ ಗಂಟು ಇಲ್ಲೇ ಇದೆ.

ಒಂದೊಂದೇ ಮೆಟ್ಟಿಲು

ನಾಲ್ವರೂ ಒಂದೇ ಜಿಗಿತಕ್ಕೆ ಹೊರಗೆ ಬಂದವರಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದರು.

ಮೊದಲ ಮೆಟ್ಟಿಲು, ಜೈಲಿನ ವರ್ಗಾವಣೆ. ಅವರನ್ನು ಮೊದಲು ಇಟ್ಟಿದ್ದು ದಕ್ಷಿಣದ ಅಟ್ಲಾಂಟಾ ಸೆರೆಮನೆಯಲ್ಲಿ. ಷಿಕಾಗೋಗೆ ಅದು ದೂರ. 1945ರಲ್ಲಿ ಗುಂಪಿನ ಮುಖ್ಯರನ್ನು ಕಾನ್ಸಸ್ ರಾಜ್ಯದ ಲೆವನ್‌ವರ್ತ್ ಸೆರೆಮನೆಗೆ ವರ್ಗಾಯಿಸಲಾಯಿತು. ಅಟ್ಲಾಂಟಾ ಜೈಲಿನ ಮುಖ್ಯಾಧಿಕಾರಿಗೆ ಈ ವರ್ಗಾವಣೆಯ ಬಗ್ಗೆ ಗುಮಾನಿ ಇತ್ತು. ಆದರೂ ವರ್ಗಾವಣೆ ಆಯಿತು.

ಎರಡನೆಯ ಮೆಟ್ಟಿಲು, ಜೈಲಿನೊಳಗಿನ ಭೇಟಿ. ಲೆವನ್‌ವರ್ತ್‌ಗೆ ಯೂಜಿನ್ ಬರ್ನ್‌ಸ್ಟೀನ್ ಎಂಬ ತೆರಿಗೆ ವಕೀಲರು ಬಂದು ಹೋಗುತ್ತಿದ್ದರು. ಅವರ ಜೊತೆಗೆ ಇನ್ನೊಬ್ಬ 'ವಕೀಲ'ನೂ ಬರುತ್ತಿದ್ದ. ಅವನು ವಕೀಲನೇ ಅಲ್ಲ. ಬೇರೊಬ್ಬರ ಹೆಸರಿನಲ್ಲಿ ರುಜು ಹಾಕಿ ಒಳಗೆ ಬರುತ್ತಿದ್ದವನು ಟೋನಿ ಅಕಾರ್ಡೊ. ರಿಕ್ಕಾ ಒಳಗಿದ್ದಾಗ ಹೊರಗೆ ಗುಂಪನ್ನು ನಡೆಸುತ್ತಿದ್ದವನು ಅವನೇ. ಸರ್ಕಾರದ ಜೈಲಿನಲ್ಲಿ, ಸರ್ಕಾರದ ಮೇಜಿನ ಎದುರು ಗುಂಪಿನ ಆಡಳಿತ ಸಭೆ ನಡೆದಂತೆ ಆಯಿತು. ಮುಂದೆ ಇದಕ್ಕಾಗಿ ಅಕಾರ್ಡೊ ಮತ್ತು ಬರ್ನ್‌ಸ್ಟೀನ್ ಮೇಲೆ ಮೊಕದ್ದಮೆ ಹೂಡಲಾಯಿತು. ಅದು ಬಿದ್ದುಹೋಯಿತು.

ಮೂರನೆಯ ಮೆಟ್ಟಿಲು, ತೆರಿಗೆ ಬಾಕಿ. ರಿಕ್ಕಾ ಮತ್ತು ಕ್ಯಾಂಪಾನಾ ಅವರಿಂದ ಸರ್ಕಾರಕ್ಕೆ ಬರಬೇಕಾಗಿದ್ದ ತೆರಿಗೆ ಸುಮಾರು 4,70,000 ಡಾಲರ್ ಎಂದು ಲೆಕ್ಕವಾಗಿತ್ತು. ಅದು ಸುಮಾರು 1,28,000 ಡಾಲರಿಗೆ ರಾಜಿಯಾಯಿತು. ಆ ಹಣ ಕಟ್ಟಿದವರು ಯಾರು? ಬರ್ನ್‌ಸ್ಟೀನ್ ಕೊಟ್ಟ ಉತ್ತರ ವಿಚಿತ್ರವಾಗಿದೆ. ತಮ್ಮ ಕಚೇರಿಗೆ ಯಾರೋ ಅಪರಿಚಿತರು ಒಬ್ಬರಾದ ಮೇಲೊಬ್ಬರು ಬಂದು, ನಗದು ಹಣದ ಕಟ್ಟನ್ನು ಇಟ್ಟು ಹೋದರು. ತಾವು ಹೆಸರು ಕೇಳಲಿಲ್ಲ ಎಂದರು. ಬಡ್ಡಿ ಮುಂತಾದವೂ ಸೇರಿ ಹೀಗೆ ಬಂದ ನಗದು ಸುಮಾರು 1,90,000 ಡಾಲರ್! ತನ್ನ ಸಾಲ ತೀರಿಸಿದ ಪುಣ್ಯಾತ್ಮರು ಯಾರೆಂದು ರಿಕ್ಕಾನಿಗೂ ಗೊತ್ತಿರಲಿಲ್ಲವಂತೆ.

ನಾಲ್ಕನೆಯ ಮೆಟ್ಟಿಲು, ಬಾಕಿ ಮೊಕದ್ದಮೆ. ನ್ಯೂಯಾರ್ಕಿನಲ್ಲಿ ಇವರ ಮೇಲೆ ಅಂಚೆಯ ಮೂಲಕ ವಂಚಿಸಿದ ಇನ್ನೊಂದು ಆರೋಪ ಬಾಕಿಯಿತ್ತು. ಮೊಕದ್ದಮೆ ಬಾಕಿ ಇರುವ ಕೈದಿಗೆ ಪೆರೋಲ್ ಸಿಗುವುದು ಕಷ್ಟ. ಈ ಕೆಲಸಕ್ಕೆ ಗೊತ್ತುಮಾಡಿದ್ದು ಡಲ್ಲಾಸ್ ನಗರದ ವಕೀಲ ಮೌರಿ ಹ್ಯೂಸ್ ಅವರನ್ನು. ಡಲ್ಲಾಸ್ ಅಟಾರ್ನಿ ಜನರಲ್ ಕ್ಲಾರ್ಕ್ ಅವರ ಊರು. ಹ್ಯೂಸ್ ಅವರಿಗೆ ಹಳೆಯ ಪರಿಚಿತರು. 1947ರ ಮೇ ತಿಂಗಳಲ್ಲಿ ಆ ಮೊಕದ್ದಮೆಯನ್ನು ಸರ್ಕಾರ ಕೈಬಿಟ್ಟಿತು.

ಐದನೆಯ ಮೆಟ್ಟಿಲು, ಪೆರೋಲ್ ಅರ್ಜಿ. ಅದನ್ನು ಮಂಡಳಿಯ ಮುಂದೆ ವಾದಿಸಿದ್ದು ಸೇಂಟ್ ಲೂಯಿಯ ವಕೀಲ ಪಾಲ್ ಡಿಲನ್. 1934ರ ಸೆನೆಟ್ ಚುನಾವಣೆಯಲ್ಲಿ ಹ್ಯಾರಿ ಟ್ರೂಮನ್ ಪರವಾಗಿ ಸೇಂಟ್ ಲೂಯಿಯ ಪ್ರಚಾರ ನೋಡಿಕೊಂಡವರು ಅವರು. 1947ರಲ್ಲಿ ಟ್ರೂಮನ್ ಅಮೆರಿಕದ ಅಧ್ಯಕ್ಷರಾಗಿದ್ದರು. ಆಗಸ್ಟ್ ತಿಂಗಳ ಆರಂಭದಲ್ಲಿ ಡಿಲನ್ ವಾಷಿಂಗ್ಟನ್ನಿಗೆ ಬಂದರು. ಕೆಲವೇ ದಿನಗಳಲ್ಲಿ ಪೆರೋಲ್ ಮಂಜೂರಾಯಿತು. ಶಿಕ್ಷೆ ಕೊಟ್ಟ ನ್ಯಾಯಾಧೀಶರ ಶಿಫಾರಸು ಇದಕ್ಕೆ ವಿರುದ್ಧವಾಗಿತ್ತು. ಸರ್ಕಾರಿ ವಕೀಲರದ್ದೂ ವಿರುದ್ಧವಾಗಿತ್ತು.

ಕೊನೆಯ ಮೆಟ್ಟಿಲಿನ ಬಳಿ ಇನ್ನೊಂದು ತಮಾಷೆ ಕಾದಿತ್ತು. ಪೆರೋಲ್ ಮೇಲೆ ಹೊರಬಂದವನಿಗೆ ಹೊರಗೆ ಒಬ್ಬ ಸಲಹೆಗಾರ ಇರಬೇಕು. ದಾರಿ ತಪ್ಪದಂತೆ ನೋಡಿಕೊಳ್ಳುವ ಗೌರವಸ್ಥ. ಜಿಯೋಗೆ ಸಲಹೆಗಾರರಾಗಲು ಒಪ್ಪಿದವರು ಹ್ಯಾರಿ ಆಶ್. ಅವರು ಯಾರು ಗೊತ್ತೆ? ಇಲಿನಾಯ್ ರಾಜ್ಯದ ಅಪರಾಧ ತಡೆ ವಿಭಾಗದ ಮುಖ್ಯಸ್ಥರು! ವಿಷಯ ಪತ್ರಿಕೆಗೆ ಬಂದ ಮೇಲೆ ಅವರು ಕುರ್ಚಿ ಬಿಡಬೇಕಾಯಿತು.

ಸಮಿತಿ ಕುಳಿತಿತು

ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಆಗ ವಿರೋಧ ಪಕ್ಷವಾದ ರಿಪಬ್ಲಿಕನ್ನರಿಗೆ ಬಹುಮತವಿತ್ತು. ಮಿಷಿಗನ್ ರಾಜ್ಯದ ಕ್ಲೇರ್ ಹಾಫ್‌ಮನ್ ಅವರ ನೇತೃತ್ವದ ಸಮಿತಿ 1947 ಮತ್ತು 1948ರಲ್ಲಿ ಈ ವಿಷಯದ ವಿಚಾರಣೆ ನಡೆಸಿತು. ವಕೀಲರು ಬಂದರು, ಅಧಿಕಾರಿಗಳು ಬಂದರು, ಮಂಡಳಿಯ ಸದಸ್ಯರು ಬಂದರು. ಪೆರೋಲ್ ಮಂಡಳಿಯ ಅಧ್ಯಕ್ಷರಾಗಿದ್ದ ವೆಬರ್ ವಿಲ್ಸನ್, ನಾಲ್ವರು ಹೊರಬಂದ ಸ್ವಲ್ಪ ಕಾಲದಲ್ಲೇ ರಾಜೀನಾಮೆ ಕೊಟ್ಟಿದ್ದರು. 1948ರ ಜನವರಿಯಲ್ಲಿ ಅವರು ತೀರಿಕೊಂಡರು. ಎಫ್‌ಬಿಐ ಕೂಡ ಪ್ರತ್ಯೇಕ ತನಿಖೆ ನಡೆಸಿತು.

ಸಮಿತಿಯ ಮುಂದೆ ಮೇಲೆ ಹೇಳಿದ ಮೆಟ್ಟಿಲುಗಳೆಲ್ಲ ಒಂದೊಂದಾಗಿ ಬಯಲಾದವು. ಆದರೆ ಒಂದು ಮಾತ್ರ ಸಿಗಲಿಲ್ಲ. ಇಂಥವರು ಇಂಥವರಿಗೆ ಇಷ್ಟು ಲಂಚ ಕೊಟ್ಟರು ಎಂಬ ಪುರಾವೆ ಸಿಗಲಿಲ್ಲ.

ಪ್ರತಿಯೊಬ್ಬರ ಬಳಿಯೂ ಒಂದು ಉತ್ತರವಿತ್ತು. ವಕೀಲರು ತಾವು ಶುಲ್ಕ ಪಡೆದು ವಕಾಲತ್ತು ಮಾಡಿದೆವು ಎಂದರು. ಅದು ಅಪರಾಧವಲ್ಲ. ಮಂಡಳಿ, ಕೈದಿಗಳಿಗೆ ಅರ್ಹತೆ ಬಂದಿತ್ತು, ನಮಗೆ ಅಧಿಕಾರವಿತ್ತು, ಬಳಸಿದೆವು ಎಂದಿತು. ಅದೂ ನಿಜ. ತೆರಿಗೆ ಇಲಾಖೆ, ರಾಜಿ ಮಾಡಿಕೊಳ್ಳುವುದು ನಮ್ಮ ದಿನನಿತ್ಯದ ಕೆಲಸ ಎನ್ನಬಹುದಿತ್ತು. ಕ್ಲಾರ್ಕ್ ಅವರು ತಮ್ಮಿಂದ ಯಾವ ತಪ್ಪೂ ನಡೆದಿಲ್ಲ ಎಂದರು. ತಪ್ಪು ನಡೆದಿತ್ತೆಂದು ಯಾರಿಂದಲೂ ಸಾಬೀತು ಮಾಡಲಾಗಲಿಲ್ಲ. 1949ರಲ್ಲಿ ಅವರನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ನೇಮಿಸಲು ಹೊರಟಾಗ ಈ ಪ್ರಕರಣದ ಮಾತು ಮತ್ತೆ ಎದ್ದಿತು. ಸೆನೆಟ್ 73–8 ಮತಗಳಿಂದ ಅವರ ನೇಮಕವನ್ನು ಒಪ್ಪಿತು.

1950–51ರಲ್ಲಿ ಸೆನೆಟರ್ ಎಸ್ಟಿಸ್ ಕೆಫಾವರ್ ಅವರ ನೇತೃತ್ವದ ಸಮಿತಿ ಸಂಘಟಿತ ಅಪರಾಧದ ಬಗ್ಗೆ ದೇಶವ್ಯಾಪಿ ವಿಚಾರಣೆ ಮಾಡಿತು. ಕೆಲವು ಬೈಠಕ್‌ಗಳನ್ನು ಜನ ಟೆಲಿವಿಷನ್‌ನಲ್ಲಿ ನೋಡಿದರು. ಕೆಫಾವರ್ ಟ್ರೂಮನ್ನರ ಪಕ್ಷದವರೇ. ಆದರೂ ಆ ಸಮಿತಿ ಈ ಬಿಡುಗಡೆಯನ್ನು ಪೆರೋಲ್ ಅಧಿಕಾರದ ಆಘಾತಕಾರಿ ದುರುಪಯೋಗವೆಂದು ಕರೆಯಿತು. ಹಿಂದಿನ ಸಮಿತಿಯದು ಬರೀ ಪಕ್ಷ ರಾಜಕೀಯ ಎಂದು ತಳ್ಳಿಹಾಕುವವರಿಗೆ ಇದರಿಂದ ಬಾಯಿ ಕಟ್ಟಿತು.

ಸಂಶಯವೇ ಬೇರೆ, ಸಾಬೀತೇ ಬೇರೆ

ಹಾಗಾದರೆ ನಾವು ಏನೆಂದು ತಿಳಿಯಬೇಕು? ಲಂಚ ನಡೆಯಿತೆಂದೆ? ನಡೆಯಲಿಲ್ಲವೆಂದೆ?

ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ನಿಂತು ಯೋಚಿಸಬೇಕು. ಸಂಶಯ ಎಷ್ಟೇ ದಟ್ಟವಾಗಿದ್ದರೂ ಅದು ಪುರಾವೆಯಲ್ಲ. ಅಪರಿಚಿತರು ತಂದ ಹಣದ ಕಟ್ಟು ತೆರಿಗೆಗೆ ಹೋಯಿತೆಂಬುದು ಗೊತ್ತು. ಇನ್ನೊಂದು ಕಟ್ಟು ಯಾರದಾದರೂ ಮೇಜಿನ ಡ್ರಾಯರಿಗೆ ಹೋಯಿತೆಂಬುದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯುವುದು ತನಿಖೆಯಲ್ಲ, ಹರಟೆ.

ಆದರೆ ಅಷ್ಟಕ್ಕೇ ಕಡತ ಮುಚ್ಚುವುದೂ ತಪ್ಪು. ಏಕೆಂದರೆ ವಶೀಲಿ ಎಂಬುದು ಲಂಚಕ್ಕಿಂತ ಸೂಕ್ಷ್ಮವಾದ ವಸ್ತು. ಲಂಚಕ್ಕೆ ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ಬೇಕು. ವಶೀಲಿಗೆ ಅದೂ ಬೇಕಿಲ್ಲ. ಸರಿಯಾದ ಊರಿನ ವಕೀಲರನ್ನು ಹಿಡಿದರೆ ಸಾಕು. ಅವರು ದೊಡ್ಡವರ ಹೆಸರನ್ನು ಬಾಯಿಬಿಟ್ಟು ಹೇಳುವುದೂ ಬೇಡ. ಎದುರು ಕುಳಿತವರಿಗೆ ತಾನಾಗಿಯೇ ನೆನಪಾಗುತ್ತದೆ. ಯಾರೂ ಆಜ್ಞೆ ಮಾಡುವುದಿಲ್ಲ, ಆದರೂ ಕಡತ ಓಡುತ್ತದೆ. ಅದಕ್ಕೆ ರಸೀದಿ ಎಲ್ಲಿಂದ ಬರಬೇಕು?

ಆದ್ದರಿಂದ ಇಂಥ ತನಿಖೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಅರ್ಜಿ ಬಂದದ್ದು ಯಾವ ದಿನ, ತೀರ್ಮಾನವಾದದ್ದು ಯಾವ ದಿನ? ಇದೇ ಬಗೆಯ ಇತರ ಅರ್ಜಿಗಳಿಗೆ ಎಷ್ಟು ದಿನ ಹಿಡಿಯುತ್ತದೆ? ಯಾರ ಯಾರ ಅಭಿಪ್ರಾಯ ಕೇಳಬೇಕಿತ್ತು, ಯಾರದನ್ನು ಕೇಳಲಾಯಿತು? ಬೇಡ ಎಂದವರಿಗೆ ಏನು ಉತ್ತರ ಬರೆಯಲಾಯಿತು? ಪ್ರತಿ ಮೆಟ್ಟಿಲೂ ಒಂದೇ ದಿಕ್ಕಿಗೆ ಇಳಿಯುತ್ತದೆಯೆ? ಷಿಕಾಗೋ ಪ್ರಕರಣದಲ್ಲಿ ಪ್ರತಿಯೊಂದು ಮೆಟ್ಟಿಲನ್ನೂ ಬೇರೆಯಾಗಿ ನೋಡಿದರೆ ಅದು ಸಾಧಾರಣ. ಐದನ್ನೂ ಸಾಲಾಗಿ ನೋಡಿದರೆ ಅಸಾಧಾರಣ. ನ್ಯಾಯಾಧೀಶರು ಬೇಡವೆಂದಿದ್ದಕ್ಕೆ ಸರಿಯಾದ ಉತ್ತರ ಎಲ್ಲೂ ಕಾಣದಿದ್ದುದೇ ಜನರನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು.

ಪಾತಕಿಗೂ ಕಾನೂನು

ಜನರ ಆಕ್ರೋಶ ಕಂಡು 1948ರಲ್ಲಿ ಅಧಿಕಾರಿಗಳು ಪೆರೋಲ್ ರದ್ದುಗೊಳಿಸಿ ಇವರನ್ನು ಮತ್ತೆ ಹಿಡಿಯಲು ವಾರಂಟ್ ಹೊರಡಿಸಿದರು. ಕ್ಯಾಂಪಾನಾ ಮತ್ತಿತರರು ನ್ಯಾಯಾಲಯಕ್ಕೆ ಹೋದರು. ನಾವು ಯಾವ ಷರತ್ತನ್ನು ಮುರಿದೆವು, ಹೇಳಿ ಎಂದು ಕೇಳಿದರು. ಸರ್ಕಾರದ ಬಳಿ ತೃಪ್ತಿಕರ ಉತ್ತರವಿರಲಿಲ್ಲ. 1949ರಲ್ಲಿ ಮೇಲ್ಮನವಿ ನ್ಯಾಯಾಲಯ ಕ್ಯಾಂಪಾನಾ ಪರವಾಗಿ ತೀರ್ಪಿತ್ತಿತು. 1950ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಸಮಸಮವಾಗಿ ಒಡೆದು ನಿಂತಿದ್ದರಿಂದ ಆ ತೀರ್ಪೇ ಉಳಿಯಿತು.

ಇದನ್ನು ಓದಿದ ಪಾಲಕರಲ್ಲಿ ಕೆಲವರಿಗೆ ಸಿಟ್ಟು ಬರಬಹುದು. ಕೊಲೆಗಡುಕರಿಗೆಲ್ಲ ಎಂಥ ನ್ಯಾಯ ಎನ್ನಿಸಬಹುದು. ಆದರೆ ಸ್ವಲ್ಪ ಯೋಚಿಸಿ. ಕಾರಣ ಹೇಳದೆ ಬಿಟ್ಟದ್ದು ತಪ್ಪಾದರೆ, ಕಾರಣ ಹೇಳದೆ ಹಿಡಿದದ್ದು ಸರಿಯಾಗುತ್ತದೆಯೆ? ಮೊದಲ ಸಲ ವಶೀಲಿಗೆ ಬಾಗಿದ ಅಧಿಕಾರ, ಎರಡನೆಯ ಸಲ ಗದ್ದಲಕ್ಕೆ ಬಾಗಿತು ಅಷ್ಟೆ. ಎರಡೂ ಸಲ ಕಾಗದದ ಮೇಲೆ ಇರಬೇಕಾಗಿದ್ದ ಕಾರಣ ಇರಲಿಲ್ಲ.

ಲಕಿ ಲುಚಿಯಾನೋ ಎಂಬ ಒಗಟು

ಕಾರಣ ಇದ್ದೂ ಅದನ್ನು ಮುಚ್ಚಿಟ್ಟರೆ ಏನಾಗುತ್ತದೆ? ಅದಕ್ಕೆ ಉದಾಹರಣೆ ನ್ಯೂಯಾರ್ಕಿನ ಪಾತಕಿ ಲಕಿ ಲುಚಿಯಾನೋ. 1936ರಲ್ಲಿ ಥಾಮಸ್ ಡ್ಯೂಯಿ ಎಂಬ ಕೆಚ್ಚೆದೆಯ ಸರ್ಕಾರಿ ವಕೀಲರು ಅವನಿಗೆ 30ರಿಂದ 50 ವರ್ಷಗಳ ಸಜೆ ಕೊಡಿಸಿದ್ದರು. ಮುಂದೆ ಡ್ಯೂಯಿ ನ್ಯೂಯಾರ್ಕಿನ ಗವರ್ನರ್ ಆದರು. 1946ರ ಜನವರಿಯಲ್ಲಿ ಅದೇ ಡ್ಯೂಯಿ ಅದೇ ಲುಚಿಯಾನೋನ ಶಿಕ್ಷೆಯನ್ನು ಕಡಿತಗೊಳಿಸಿ ಇಟಲಿಗೆ ಗಡೀಪಾರು ಮಾಡಿದರು.

ಹಣ ತಿಂದರೆಂದು ಪುಕಾರು ಹಬ್ಬಿತು. ನಿಜವಾದ ಹಿನ್ನೆಲೆ ಬೇರೆಯೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ ನ್ಯೂಯಾರ್ಕ್ ಬಂದರಿನ ರಕ್ಷಣೆಗೆ, ಬೇಹುಗಾರಿಕೆಯ ಸುಳಿವುಗಳಿಗೆ ನೌಕಾಪಡೆ ಭೂಗತ ಲೋಕದ ನೆರವು ಪಡೆದಿತ್ತು. ಜೈಲಿನಲ್ಲಿದ್ದ ಲುಚಿಯಾನೋ ಮಾತು ಆಡಿ ದಾರಿ ಮಾಡಿಕೊಟ್ಟಿದ್ದ. 1954ರಲ್ಲಿ ಡ್ಯೂಯಿ ತಮ್ಮ ಮೇಲಿನ ಕಳಂಕ ತೊಳೆಯಲು ವಿಲಿಯಂ ಹರ್ಲಂಡ್ಸ್ ಎಂಬ ಅಧಿಕಾರಿಯಿಂದ ತನಿಖೆ ಮಾಡಿಸಿದರು. ನೌಕಾಪಡೆ ನೆರವು ಪಡೆದದ್ದು ನಿಜ ಎಂದು ವರದಿ ಹೇಳಿತು. ಆದರೆ ಮುಜುಗರಕ್ಕೆ ಒಳಗಾದ ನೌಕಾಪಡೆ ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದರಿಂದ ವರದಿ ಕಪಾಟು ಸೇರಿತು. ಅದರ ವಿವರ ಜನರಿಗೆ ತಿಳಿದದ್ದು 1977ರಲ್ಲಿ. ಡ್ಯೂಯಿ 1971ರಲ್ಲೇ ತೀರಿಕೊಂಡಿದ್ದರು. ತಮ್ಮ ಸಮರ್ಥನೆ ಕಪಾಟಿನಲ್ಲಿ ಇದ್ದೂ, ಅವರು ಕೊನೆಯವರೆಗೂ ಗುಸುಗುಸು ಕೇಳಬೇಕಾಯಿತು.

ಕಾರಣ ಬರೆಯುವುದೆಂದರೆ ಕೈದಿಗೆ, ಜನರಿಗೆ ಮಾತ್ರವಲ್ಲ, ತೀರ್ಮಾನ ಮಾಡುವ ಅಧಿಕಾರಿಗೂ ಅದೇ ರಕ್ಷಣೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮುಂದೆ ಆದದ್ದು

ಅಮೆರಿಕದಲ್ಲಿ ಪೆರೋಲ್ ವ್ಯವಸ್ಥೆ ನಿಧಾನವಾಗಿ ಬದಲಾಯಿತು. 1950ರಲ್ಲಿ ಮಂಡಳಿಯ ಸದಸ್ಯರನ್ನು ಎಂಟಕ್ಕೆ ಏರಿಸಿ, ಅಧ್ಯಕ್ಷರೇ ಸೆನೆಟ್ಟಿನ ಒಪ್ಪಿಗೆಯೊಂದಿಗೆ ನೇಮಿಸುವಂತೆ ಮಾಡಲಾಯಿತು. 1976ರ ಕಾನೂನು ಮಂಡಳಿಯ ಜಾಗದಲ್ಲಿ ಆಯೋಗವನ್ನು ತಂದಿತು. ನಿರ್ಧಾರಕ್ಕೆ ಮಾರ್ಗಸೂಚಿ ಇರಬೇಕು, ಪೆರೋಲ್ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು ಎಂದಿತು. 1984ರ ಇನ್ನೊಂದು ಕಾನೂನು, 1987ರ ನವೆಂಬರ್ 1ರಿಂದಾಚೆ ನಡೆದ ಫೆಡರಲ್ ಅಪರಾಧಗಳಿಗೆ ಪೆರೋಲನ್ನೇ ತೆಗೆದುಹಾಕಿತು. ಒಂದೇ ಬಗೆಯ ಅಪರಾಧಕ್ಕೆ ಒಬ್ಬ ಬೇಗ, ಒಬ್ಬ ತಡವಾಗಿ ಹೊರಬರುತ್ತಾನೆ ಎಂಬ ಅಸಮಾಧಾನ ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು.

ಇನ್ನು ನಮ್ಮ ಕಥೆಯ ನಾಲ್ವರ ಗತಿ. ಡಿ'ಆಂಡ್ರಿಯಾ 1952ರಲ್ಲಿ ಸತ್ತ. ಜಿಯೋನನ್ನು 1954ರಲ್ಲಿ ಗುಂಡಿಟ್ಟು ಕೊಂದರು. ಕ್ಯಾಂಪಾನಾ 1955ರಲ್ಲಿ ಹೃದಯಾಘಾತದಿಂದ ಸತ್ತ. ಅದೇ ವರ್ಷದ ನವೆಂಬರಿನಲ್ಲಿ, ಅವರ ವಿರುದ್ಧ ಸಾಕ್ಷಿ ಹೇಳಿದ್ದ ಬಯೋಫ್ ಅರಿಜೋನಾದಲ್ಲಿ ತನ್ನ ಮನೆಯ ಮುಂದೆ ವಾಹನ ಚಾಲೂ ಮಾಡಿದಾಗ ಬಾಂಬು ಸಿಡಿದು ಸತ್ತ. ರಿಕ್ಕಾ ತೆರಿಗೆ ವಂಚನೆಗಾಗಿ ಮತ್ತೊಮ್ಮೆ ಜೈಲು ಕಂಡು, 1972ರಲ್ಲಿ ಕಣ್ಣು ಮುಚ್ಚಿದ. ನಾಲ್ವರಲ್ಲಿ ಯಾರೂ ತಮಗೆ ಪೆರೋಲ್ ಸಿಕ್ಕಿದ್ದು ಹೇಗೆಂದು ಬಾಯಿ ಬಿಡಲಿಲ್ಲ.

ಈ ಕಥೆಯಲ್ಲಿ ಹೆಸರಿಲ್ಲದ ಇನ್ನೊಬ್ಬನಿದ್ದಾನೆ. 1947ರ ಆ ಬೇಸಿಗೆಯಲ್ಲಿ ಅದೇ ಮಂಡಳಿಗೆ ಅರ್ಜಿ ಹಾಕಿ ಕಾದಿದ್ದ ಸಾಮಾನ್ಯ ಕೈದಿ. ಅವನಿಗೆ ಡಲ್ಲಾಸಿನ ವಕೀಲರಿರಲಿಲ್ಲ; ಕಚೇರಿಗೆ ಬಂದು ನಗದು ಇಟ್ಟುಹೋಗುವ ಅಪರಿಚಿತರಿರಲಿಲ್ಲ. ಅವನು ನಿಜವಾಗಿ ಸುಧಾರಿಸಿದ್ದಿರಬಹುದು. ಇಂಥ ಹಗರಣವೊಂದು ನಡೆದಾಗ ಮೊದಲು ಬಿಗಿಯಾಗುವುದು ಅವನ ಬಾಗಿಲೇ. ದೊಡ್ಡವರಿಗೆ ಸಲ್ಲದ ದಯೆ ತೋರಿಸಿದ್ದಕ್ಕೆ ಜನ ದಯೆಯನ್ನೇ ನಂಬದಂತಾಗುತ್ತಾರೆ.

ನಮ್ಮಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣ, ಸರ್ಕಾರಿ ಸಂಸ್ಥೆ ತನ್ನ ಆಡಳಿತಾತ್ಮಕ ನಿರ್ಧಾರದ ಕಾರಣವನ್ನು ಅದರಿಂದ ಬಾಧಿತರಾದವರಿಗೆ ತಿಳಿಸಬೇಕೆಂದು ಹೇಳುತ್ತದೆ. ಮಕ್ಕಳೇ, ಕಾಲೇಜಿನ ಸೀಟಾಗಲಿ, ಹಾಸ್ಟೆಲಿನ ಕೊಠಡಿಯಾಗಲಿ, ವಿದ್ಯಾರ್ಥಿ ವೇತನವಾಗಲಿ, ನಿಮಗೆ ಸಿಗದೆ ಇನ್ನೊಬ್ಬರಿಗೆ ಸಿಕ್ಕಾಗ 'ಅವರು ವಶೀಲಿ ಮಾಡಿಸಿರಬೇಕು' ಎಂದು ಗೊಣಗಿ ಸುಮ್ಮನಾಗಬೇಡಿ. ಹಾಗೆಂದು ಪುರಾವೆಯಿಲ್ಲದೆ ಯಾರ ಮೇಲೂ ಕೂಗಾಡಲೂ ಬೇಡಿ. ಒಂದು ಬಿಳಿ ಹಾಳೆ ತೆಗೆದುಕೊಂಡು, ಈ ತೀರ್ಮಾನಕ್ಕೆ ಕಾರಣವೇನು, ದಯವಿಟ್ಟು ಬರೆದು ತಿಳಿಸಿ ಎಂದು ವಿನಯವಾಗಿ ಕೇಳಿ. ಪಾಲಕರೂ ಅಷ್ಟೆ; ಮಗನಿಗಾಗಿ 'ಗೊತ್ತಿರುವವರ' ಮನೆ ಬಾಗಿಲಿಗೆ ಹೋಗುವ ಮೊದಲು ಆ ಹಾಳೆಯ ಮೇಲೆ ರುಜು ಹಾಕುವುದನ್ನು ಕಲಿಸಿ.